ಮಣಿಕಟ್ಟಿನ ಪಾಠ

ಮುಖಕ್ಕೆ ಕನ್ನಡಿಯಿದೆ, ಹಲ್ಲಿಗೆ ಪುಡಿಯಿದೆ, ಕೂದಲಿಗೆ ಎಣ್ಣೆಯಿದೆ. ಮಣಿಕಟ್ಟಿಗೆ ಏನಿದೆ? ಹೆಂಗಸರು ಬಳೆ ತೊಡುವುದಕ್ಕೂ ಗಂಡಸರು ಗಡಿಯಾರ ಕಟ್ಟುವುದಕ್ಕೂ ಒದಗಿದ ಒಂದು ಗೂಟವೆಂದೇ ಲೋಕವು ಅದನ್ನು ಎಣಿಸಿದೆ. ನಾವೂ ಹಾಗೆಯೇ ಎಣಿಸಿದ್ದೆವು. ಇಪ್ಪತ್ತೆರಡು ವರ್ಷ ಕರಿಹಲಗೆಯ ಮೇಲೆ ಬರೆದವರು ನಾವು. ಆದರೂ ಬರೆಯುವ ಕೈಯೊಳಗೆ ಏನಿದೆಯೆಂದು ಒಂದು ದಿನವಾದರೂ ಕೇಳಿದವರಲ್ಲ. ಕಳೆದ ಮಳೆಗಾಲದಲ್ಲಿ ಕೇಳಬೇಕಾಗಿ ಬಂದಿತು.

ಜೂನ್ ತಿಂಗಳ ಕೊನೆಯ ವಾರ. ಮುಂಬಯಿಯ ಮಳೆಯನ್ನು ಈ ಸಂಚಿಕೆಯ ವಾಚಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ರೈಲು ನಿಲ್ದಾಣದ ಸೇತುವೆಯಿಂದ ಇಳಿಯುತ್ತಿದ್ದೆವು. ಎಡಗೈಯಲ್ಲಿ ಕೊಡೆ, ಹೆಗಲಿನಲ್ಲಿ ಏಳನೆಯ ಇಯತ್ತೆಯ ನಿಬಂಧ ಪುಸ್ತಕಗಳ ಚೀಲ. ಕೆಳಗಿನಿಂದ ಮೂರನೆಯ ಮೆಟ್ಟಿಲಿನಲ್ಲಿ ಕಾಲು ಜಾರಿತು. ಬೀಳುವವನು ಮೊದಲು ಕೈ ಚಾಚುತ್ತಾನೆ. ನಾವೂ ಬಲಗೈಯನ್ನು ಚಾಚಿ ಅಂಗೈಯೂರಿ ಬಿದ್ದೆವು. ಎದ್ದೊಡನೆ ಮಾಡಿದ ಮೊದಲ ಕೆಲಸ, ನಮ್ಮ ವಿದ್ಯಾರ್ಥಿಗಳಾರಾದರೂ ನೋಡಿದರೇ ಎಂದು ಸುತ್ತಲೂ ಕಣ್ಣಾಡಿಸಿದ್ದು. ಎರಡನೆಯದು, ನಿಬಂಧ ಪುಸ್ತಕಗಳು ನೆನೆದವೇ ಎಂದು ಚೀಲವನ್ನು ಮುಟ್ಟಿ ನೋಡಿದ್ದು. ಕೈಯ ಯೋಚನೆ ಬಂದುದು ಮನೆಗೆ ಹೋದ ಮೇಲೆ.

“ಊದಿಕೊಂಡಿದೆಯಲ್ಲಾ, ಡಾಕ್ಟರಿಗೆ ತೋರಿಸಬಾರದೇನ್ರೀ?” ಎಂದರು ನಮ್ಮ ಮನೆಯವರು.

“ಬರಿಯ ಉಳುಕು. ನಾಲ್ಕು ದಿನದಲ್ಲಿ ಹೋಗುತ್ತದೆ” ಎಂದೆವು ನಾವು.

ಎಣ್ಣೆ ಕಾಸಿ ತಿಕ್ಕಿದ್ದಾಯಿತು, ಬಟ್ಟೆ ಸುತ್ತಿದ್ದಾಯಿತು. ವಾರದೊಳಗೆ ಬಾವು ಇಳಿಯಿತು. ನಮ್ಮ ಮಾತೇ ನಿಜವಾಯಿತೆಂದು ಮನೆಯಲ್ಲಿ ತುಸು ಬೀಗಿದ್ದೂ ಉಂಟು. ನೋವು ಮಾತ್ರ ಹೋಗಲಿಲ್ಲ. ಸುಮ್ಮನಿದ್ದಾಗ ಇರುತ್ತಿರಲಿಲ್ಲ, ಸೀಮೆಸುಣ್ಣವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಾಗ ಹಾಜರಾಗುತ್ತಿತ್ತು. ಹೀಗೆ ಮೂರು ವಾರ ಕಳೆದೆವು. ಒಂದು ಮಧ್ಯಾಹ್ನ ಹಲಗೆಯ ಮೇಲೆ ‘ಯಜ್ಞ’ ಎಂದು ಬರೆಯುತ್ತಿದ್ದಾಗ, ‘ಜ್ಞ’ದ ಒತ್ತು ಮುಗಿಯುವ ಮೊದಲೇ ಸೀಮೆಸುಣ್ಣವು ಕೈಜಾರಿ ನೆಲಕ್ಕೆ ಬಿದ್ದು ಮೂರು ತುಂಡಾಯಿತು. ಮಕ್ಕಳು ನಗಬಹುದೆಂದುಕೊಂಡೆವು. ಯಾರೂ ನಗಲಿಲ್ಲ. ಅವರು ನಗದೆ ಇದ್ದುದನ್ನು ಕಂಡು ನಮಗೆ ಮೊದಲ ಬಾರಿಗೆ ಭಯವಾಯಿತು.

ಮರುದಿನ ಆಸ್ಪತ್ರೆಗೆ ಹೋದೆವು. ತರುಣ ವೈದ್ಯರೊಬ್ಬರು ಹೆಬ್ಬೆರಳನ್ನು ಅಗಲಿಸಿ ಮೇಲಕ್ಕೆತ್ತಲು ಹೇಳಿದರು. ಹಾಗೆ ಎತ್ತಿದಾಗ ಹೆಬ್ಬೆರಳ ಬುಡದಲ್ಲಿ, ಎರಡು ಬಿಗಿದ ಹುರಿಗಳ ನಡುವೆ, ಒಂದು ಸಣ್ಣ ಗುಳಿ ಮೂಡುತ್ತದೆ. ವಾಚಕರು ತಮ್ಮ ಕೈಯಲ್ಲಿಯೇ ನೋಡಿಕೊಳ್ಳಬಹುದು. ಹಿಂದಿನ ಕಾಲದವರು ನಶ್ಯವನ್ನು ಈ ಗುಳಿಯಲ್ಲಿಟ್ಟು ಸೇದುತ್ತಿದ್ದುದರಿಂದ ಶರೀರಶಾಸ್ತ್ರವು ಇದನ್ನು ಇಂದಿಗೂ ನಶ್ಯದ ಡಬ್ಬಿಯೆಂದೇ ಕರೆಯುತ್ತದೆ. ವೈದ್ಯರು ಆ ಡಬ್ಬಿಯೊಳಗೆ ಒಂದು ಬೆರಳಿಟ್ಟು ಮೆಲ್ಲನೆ ಒತ್ತಿದರು. ನಶ್ಯವಿಲ್ಲದೆಯೇ ನಮ್ಮ ಕಣ್ಣುಗಳಲ್ಲಿ ನೀರು ತುಂಬಿತು.

“ಇದು ಉಳುಕಲ್ಲ ಸರ್” ಎಂದು ಅವರು ಕ್ಷ-ಕಿರಣದ ಚಿತ್ರ ತೆಗೆಸಲು ಕಳುಹಿಸಿದರು.

ರಾಂಟ್ಜೆನ್ ಎಂಬ ಜರ್ಮನ್ ವಿಜ್ಞಾನಿಯು ಈ ಕಿರಣಗಳನ್ನು ಕಂಡುಹಿಡಿದುದು 1895ರ ನವೆಂಬರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಆತನು ತೆಗೆದ ಪ್ರಸಿದ್ಧ ಚಿತ್ರವು ಆತನ ಪತ್ನಿಯ ಕೈಯದು. ಬೆರಳಿನ ಮೂಳೆಯ ಸುತ್ತ ಉಂಗುರವು ತೇಲುತ್ತಿರುವ ಆ ಚಿತ್ರವನ್ನು ನಾವು ಪುಸ್ತಕಗಳಲ್ಲಿ ನೋಡಿದ್ದೆವು, ಮಕ್ಕಳಿಗೂ ತೋರಿಸಿದ್ದೆವು. ಈಗ ನಮ್ಮದೇ ಕೈ ಬೆಳಕಿನ ಮುಂದೆ ತೂಗಾಡುತ್ತಿತ್ತು. ಮಣಿಕಟ್ಟಿನಲ್ಲಿ ಒಂದು ಗಟ್ಟಿ ಮೂಳೆಯನ್ನೋ ಒಂದು ಕೀಲನ್ನೋ ನಿರೀಕ್ಷಿಸಿದ್ದ ನಮಗೆ ಕಂಡುದು ಹೊಳೆಯ ದಂಡೆಯ ಬೆಣಚುಕಲ್ಲುಗಳ ಹಾಗೆ ಒತ್ತೊತ್ತಾಗಿ ಕುಳಿತ ಎಂಟು ಮೂಳೆಗಳು.

ಅವು ಎಂಟೂ ಎರಡು ಸಾಲಾಗಿ ನಿಂತಿವೆ. ಮುಂದೋಳಿನ ಕಡೆಯ ಮೊದಲ ಸಾಲಿನಲ್ಲಿ, ಹೆಬ್ಬೆರಳ ಬದಿಯಿಂದ ಎಣಿಸಿದರೆ, ದೋಣಿಯಂಥದು, ಅರ್ಧಚಂದ್ರನಂಥದು, ಮುಮ್ಮೂಲೆಯದು, ಅದರ ಮೇಲೆ ಕುಳಿತ ಬಟಾಣಿಯಂಥದು. ಅಂಗೈಯ ಕಡೆಯ ಎರಡನೆಯ ಸಾಲಿನಲ್ಲಿ ಹೆಬ್ಬೆರಳ ಬದಿಯ ಎರಡು ಚೌಕಟ್ಟಾದ ಮೂಳೆಗಳು, ನಡುವೆ ದುಂಡುತಲೆಯ ದೊಡ್ಡ ಮೂಳೆ, ಕೊನೆಗೆ ಕೊಕ್ಕೆಯುಳ್ಳದ್ದು. ಗ್ರೀಕ್ ಲ್ಯಾಟಿನ್ ಹೆಸರುಗಳ ಅರ್ಥವೂ ಇಷ್ಟೇ. ಸ್ಕ್ಯಾಫಾಯ್ಡ್ ಎಂದರೆ ದೋಣಿಯಂಥದು ಎಂದರ್ಥ. 1543ರಲ್ಲಿ ಮಾನವ ಶರೀರದ ಮಹಾಗ್ರಂಥವನ್ನು ಪ್ರಕಟಿಸಿದ ವೆಸೇಲಿಯಸನು ಈ ಎಂಟಕ್ಕೂ ಹೆಸರಿಡುವ ಗೋಜಿಗೇ ಹೋಗದೆ ಒಂದರಿಂದ ಎಂಟರವರೆಗೆ ಅಂಕಿಗಳನ್ನು ಕೊಟ್ಟನು. ಹಾಜರಿ ಪಟ್ಟಿಯ ಕ್ರಮಾಂಕದಿಂದ ಮಕ್ಕಳನ್ನು ಕೂಗುವ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ವೈದ್ಯರ ಲೇಖನಿ ದೋಣಿಮೂಳೆಯ ನಡುವಿಗೆ ಬಂದು ನಿಂತಿತು. ಅಲ್ಲಿ ಕೂದಲಿನಷ್ಟು ತೆಳ್ಳನೆಯ ಒಂದು ಕಪ್ಪು ಗೆರೆ. ಮೂರು ವಾರ ನಾವು ಎಣ್ಣೆ ತಿಕ್ಕಿದ್ದು ಈ ಮುರಿತದ ಮೇಲೆ! ಮೂಳೆ ಚಿಕ್ಕದು, ಅಪಾಯ ಚಿಕ್ಕದಲ್ಲ ಎಂದು ಅವರು ವಿವರಿಸಿದರು. ಈ ಮೂಳೆಗೆ ರಕ್ತವು ಬಹುಮಟ್ಟಿಗೆ ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ, ಮುಂದೋಳಿನ ಕಡೆಗೆ, ಹರಿಯುತ್ತದೆ. ಆದುದರಿಂದ ನಡುವಿನಲ್ಲಿ ಮುರಿದರೆ ಹಿಂದಿನ ಅರ್ಧಕ್ಕೆ ಆಹಾರವೇ ತಪ್ಪಿಹೋಗಬಹುದು. ಕಾಲುವೆ ಒಡೆದಾಗ ಬಾಲದ ಗದ್ದೆ ಒಣಗುವಂತೆ ಆ ಅರ್ಧವು ಸತ್ತುಹೋಗಬಹುದು. ಮುರಿತ ಕೂಡದೆ ವರ್ಷಗಳು ಕಳೆದರೆ ಮಣಿಕಟ್ಟೇ ಸವೆದು ಕೆಡುತ್ತದೆ. ಇದರ ಮೋಸವೆಂದರೆ, ಬಿದ್ದ ದಿನದ ಚಿತ್ರದಲ್ಲಿಯೂ ಕೆಲವೊಮ್ಮೆ ಗೆರೆ ಕಾಣುವುದಿಲ್ಲ. ಆದುದರಿಂದ ನಶ್ಯದ ಗುಳಿಯಲ್ಲಿ ನೋವಿದ್ದರೆ ಕೈಯನ್ನು ಕಟ್ಟಿ ಹತ್ತು ಹದಿನೈದು ದಿನಗಳಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ.

“ಕೂಡುತ್ತದೆಯೇ?” ಎಂದು ಕೇಳಿದೆವು. “ನೋಡೋಣ” ಎಂದರು. ನಮ್ಮ ವೃತ್ತಿಯಲ್ಲಿ ನಾವೂ ಎಷ್ಟೋ ತಂದೆತಾಯಿಗಳಿಗೆ ‘ನೋಡೋಣ’ ಎಂದಿದ್ದೇವೆ. ಆ ಮಾತಿನ ತೂಕ ಅಂದು ತಿಳಿಯಿತು.

ಪ್ಲ್ಯಾಸ್ಟರು ಹಾಕಿಸಿಕೊಂಡು ಬಂದೆವು. ಮೊಳಕೈಯ ಕೆಳಗಿನಿಂದ ಬೆರಳ ಬುಡದವರೆಗೆ ಕಲ್ಲಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹನ್ನೆರಡು ವಾರ ಕುಳಿತವನಿಗೆ, ಆ ಕಲ್ಲಿನೊಳಗಿರುವುದರ ಬಗ್ಗೆ ಓದುವ ಆಸೆ ಹುಟ್ಟುವುದು ಸಹಜ. ಓದಿದೆವು. ಅಲ್ಲಿ ಕಂಡ ಸಂಗತಿಯನ್ನು ಹೇಳುವುದಕ್ಕಾಗಿಯೇ ಈ ಬರಹ.

ಮಣಿಕಟ್ಟು ಒಂದು ಕೀಲಲ್ಲ. ಮುಂದೋಳಿನ ಮೂಳೆಗೂ ಮೊದಲ ಸಾಲಿಗೂ ನಡುವೆ ಒಂದು ಕೀಲು. ಮೊದಲ ಸಾಲಿಗೂ ಎರಡನೆಯ ಸಾಲಿಗೂ ನಡುವೆ ಇನ್ನೊಂದು. ಈ ಎರಡನೆಯದಕ್ಕೆ ನಮ್ಮ ಆಡುಮಾತಿನಲ್ಲಿ ಹೆಸರಿಲ್ಲ, ನಡುಕೀಲು ಎನ್ನೋಣ. ಅದರ ಗೆರೆ ನೇರವಾಗಿಲ್ಲ, ಅಲೆಯಂತಿದೆ. ನಡುವೆ ದುಂಡುತಲೆಯ ಮೂಳೆಯು ದೋಣಿಯೂ ಚಂದ್ರನೂ ಸೇರಿ ಮಾಡಿದ ಬಟ್ಟಲಿನಲ್ಲಿ ತಲೆಯಿಟ್ಟು ಕುಳಿತಿದೆ. ಹೆಬ್ಬೆರಳ ಬದಿಯಲ್ಲಿ ಇದು ತಿರುಗುಮುರುಗಾಗಿ, ಮೊದಲ ಸಾಲಿನ ದೋಣಿಯೇ ಉಬ್ಬಿ ಎರಡನೆಯ ಸಾಲಿನ ತಗ್ಗಿಗೆ ಒರಗಿದೆ. ನಾವು ಕೈಯನ್ನು ಮುಂದಕ್ಕೆ ಬಾಗಿಸಿದಾಗ ಸುಮಾರು 80 ಡಿಗ್ರಿ, ಹಿಂದಕ್ಕೆ ಬಾಗಿಸಿದಾಗ ಸುಮಾರು 70 ಡಿಗ್ರಿ ಬಾಗುತ್ತದೆ. ಈ ಬಾಗನ್ನು ಎರಡೂ ಕೀಲುಗಳು ಹಂಚಿಕೊಳ್ಳುತ್ತವೆ. ಹಂಚಿಕೊಂಡುದರಿಂದಲೇ ಯಾವುದೂ ಅಳತೆ ಮೀರಿ ಜಾರಬೇಕಾಗಿಲ್ಲ. ಬೀಗದ ಕೈಯನ್ನು ತಿರುಗಿಸುವ ತಿರುಗಾಟ ಮಾತ್ರ ಇಲ್ಲಿಯದಲ್ಲ. ಅದು ಮುಂದೋಳಿನ ಎರಡು ಮೂಳೆಗಳು ಒಂದರ ಮೇಲೊಂದು ಹೊರಳಿ ಮಾಡುವ ಕೆಲಸ. ಪ್ಲ್ಯಾಸ್ಟರಿನೊಳಗಿನ ಕೈಯನ್ನು ಅಂಗಾತ ಬೋರಲು ತಿರುಗಿಸಿ ನಾವೇ ಇದನ್ನು ದೃಢಪಡಿಸಿಕೊಂಡೆವು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಕೈಯನ್ನು ಎಳೆಯುವ ಸ್ನಾಯುಗಳು ಮುಂದೋಳಿನಲ್ಲಿವೆ. ಅವುಗಳ ಹುರಿಗಳು ಮೊದಲ ಸಾಲನ್ನು ಮುಟ್ಟದೆ ಹಾದುಹೋಗಿ, ಅದರಾಚೆಯ ಅಂಗೈಯ ಮೂಳೆಗಳಿಗೂ ಬೆರಳುಗಳಿಗೂ ಅಂಟಿಕೊಳ್ಳುತ್ತವೆ. ಬಟಾಣಿಮೂಳೆಗೆ ಒಂದು ಹುರಿಯುಂಟು, ನಿಜ. ಆದರೆ ಅದು ಮುಮ್ಮೂಲೆಯ ಮೂಳೆಯ ಮೇಲೆ ಕುಳಿತ ಸವಾರನೇ ಹೊರತು ನಡುಕೀಲಿನ ಪಾಲುದಾರನಲ್ಲ. ಉಳಿದ ಮೂರನ್ನು, ದೋಣಿ, ಚಂದ್ರ, ಮುಮ್ಮೂಲೆಗಳನ್ನು, ಎಳೆಯುವ ಸ್ನಾಯು ಒಂದೂ ಇಲ್ಲ. ಅವು ತಾವಾಗಿ ಚಲಿಸಲಾರವು; ಮುಂದಿನವರು ತಳ್ಳಿದಂತೆ, ಹಿಂದಿನವರು ಎಡೆಕೊಟ್ಟಂತೆ, ತಮ್ಮನ್ನು ಪರಸ್ಪರ ಬಿಗಿದ ನಾರುಪಟ್ಟಿಗಳು ಬಿಟ್ಟಂತೆ ಚಲಿಸುತ್ತವೆ. ಕೈ ಹೆಬ್ಬೆರಳ ಕಡೆಗೆ ವಾಲಿದರೆ ದೋಣಿಯು ಅಂಗೈಯ ಕಡೆಗೆ ತಲೆಬಾಗಿ ಎಡೆಮಾಡಿಕೊಡುತ್ತದೆ. ಕಿರುಬೆರಳ ಕಡೆಗೆ ವಾಲಿದರೆ ಎದ್ದು ನಿಲ್ಲುತ್ತದೆ. ದೋಣಿ ಒಂದು ಕಡೆಗೂ ಮುಮ್ಮೂಲೆಯದು ಇನ್ನೊಂದು ಕಡೆಗೂ ಎಳೆಯುತ್ತಿರಲು ನಡುವಿನ ಚಂದ್ರನು ತೂಕ ತಪ್ಪದೆ ನಿಲ್ಲುತ್ತಾನೆ. ಕ್ಷ-ಕಿರಣ ದೊರೆತ ಮರುವರ್ಷವೇ, 1896ರಲ್ಲಿ, ಬ್ರೈಸ್ ಎಂಬ ಶರೀರಶಾಸ್ತ್ರಜ್ಞನು ಜೀವಂತ ಕೈಯ ಚಿತ್ರಗಳನ್ನು ತೆಗೆದು ಈ ಚಲನೆಯನ್ನು ಪರಿಶೀಲಿಸಿದನು. ಅಂದಿನಿಂದ ಇಂದಿನವರೆಗೂ ಪಂಡಿತರ ಚರ್ಚೆ ಮುಗಿದಿಲ್ಲ.

ನಮ್ಮ ಮುರಿತದ ಕಾರಣವೂ ಇಲ್ಲಿಯೇ ದೊರೆಯಿತು. ಎರಡು ಸಾಲುಗಳನ್ನೂ ಮುಟ್ಟಿ ಸೇತುವೆಯಂತೆ ನಿಂತಿರುವುದು ದೋಣಿಮೂಳೆ ಒಂದೇ. ಕೈ ಹಿಂದಕ್ಕೆ ಬಾಗಿ ಮೈಯ ಭಾರವೆಲ್ಲ ಅಂಗೈಯ ಮೇಲೆ ಬಿದ್ದಾಗ, ಒಂದು ಸಾಲು ಇತ್ತ, ಇನ್ನೊಂದು ಅತ್ತ ಬಾಗುವುದು. ಎರಡನ್ನೂ ಬಿಡಲಾರದ ಸೇತುವೆ ನಡುವಿನಲ್ಲಿ ಮುರಿಯುವುದು.

ಇತ್ತ ಶಾಲೆಯ ಕೆಲಸ ನಿಲ್ಲುವಂತಿರಲಿಲ್ಲ. ಏಳನೆಯ ಇಯತ್ತೆಯಲ್ಲಿ ನಾವು ಹೇಳುತ್ತಿದ್ದೆವು. ಒಬ್ಬ ಹುಡುಗ ಹಲಗೆಯ ಮೇಲೆ ಬರೆಯುತ್ತಿದ್ದನು. ಹಿಂದಿನ ವರ್ಷ ನಮ್ಮಿಂದ ಕೈಬರಹಕ್ಕಾಗಿ ಬೈಸಿಕೊಂಡವನೇ ಅವನು. ಹಲಗೆಯ ಮುಂದೆ ನಿಂತಾಗ ಅವನ ಅಕ್ಷರ ತಾನಾಗಿ ದುಂಡಗಾಯಿತು. ನಾವು ತಿದ್ದಿದುದರಿಂದ ಅಲ್ಲ, ನಂಬಿದುದರಿಂದ ಎಂದು ತೋರುತ್ತದೆ.

ಒಂದನೆಯ ಇಯತ್ತೆಯ ಪಾಠ ಕಠಿನವಾಯಿತು. ಚಿಕ್ಕ ಶಾಲೆಯಲ್ಲಿ ದೊಡ್ಡ ತರಗತಿಯ ಮಾಸ್ತರನು ಚಿಕ್ಕ ತರಗತಿಗೂ ಹೋಗಬೇಕಾಗುತ್ತದೆ. ಅಲ್ಲಿ ಅಕ್ಷರ ತಿದ್ದಿಸಬೇಕು. ಎಡಗೈಯಿಂದ ಬರೆಯಲು ನಿರ್ಧರಿಸಿ ಎರಡು ಗೆರೆಯ ಕಾಪಿ ಪುಸ್ತಕವೊಂದನ್ನು ಕೊಂಡು ತಂದೆವು. ನಲವತ್ತೈದನೆಯ ವಯಸ್ಸಿನಲ್ಲಿ ‘ಅ’ದಿಂದ ಮೊದಲಾಯಿತು. ಗೆರೆ ನಮ್ಮ ಮಾತು ಕೇಳದು. ಸುಳಿ ತಿರುಗಬೇಕಾದಲ್ಲಿ ಮೂಲೆಯಾಗುವುದು. ಒಂದು ಪುಟ ಮುಗಿಯುವಷ್ಟರಲ್ಲಿ ತೋಳೆಲ್ಲ ನೋವು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು, “ಸರ್, ನಿಮ್ಮ ‘ಅ’ ಗೆರೆಯ ಹೊರಗೆ ಹೋಯಿತು” ಎಂದಳು. ಬರುವ ವಾರ ಸರಿಯಾಗುತ್ತದೆ ಎಂದು ಸಮಾಧಾನವನ್ನೂ ಹೇಳಿದಳು. ಅದೇ ಹುಡುಗಿಯ ಪಾಟಿಯನ್ನು ಶಾಲೆ ತೆರೆದ ವಾರ ನಾವು ಮೂರು ಬಾರಿ ಅಳಿಸಿದ್ದೆವು. ಯಾವ ಸಮಾಧಾನವನ್ನೂ ಹೇಳಿರಲಿಲ್ಲ.

ಆ ರಾತ್ರಿ ಓದಿದ ಪುಟವನ್ನು ನಾವು ಮರೆಯಲಾರೆವು. ಹುಟ್ಟಿದ ಮಗುವಿನ ಮಣಿಕಟ್ಟಿನ ಚಿತ್ರದಲ್ಲಿ ಎಂಟರಲ್ಲಿ ಒಂದು ಮೂಳೆಯೂ ಕಾಣುವುದಿಲ್ಲವಂತೆ. ಎಲ್ಲವೂ ಇನ್ನೂ ಮೆತ್ತನೆಯ ಮೃದ್ವಸ್ಥಿ. ಮೊದಲ ಕೆಲವು ತಿಂಗಳುಗಳಲ್ಲಿ ದುಂಡುತಲೆಯ ಮೂಳೆಯೂ ಕೊಕ್ಕೆಯದೂ ಚುಕ್ಕೆಗಳಾಗಿ ಮೂಡುತ್ತವೆ. ಮೂರನೆಯ ವರ್ಷದ ಸುಮಾರಿಗೆ ಮುಮ್ಮೂಲೆಯದು, ನಾಲ್ಕರ ಸುಮಾರಿಗೆ ಚಂದ್ರ. ದೋಣಿಯೂ ಅದರ ನೆರೆಯ ಎರಡು ಮೂಳೆಗಳೂ ಸಾಮಾನ್ಯವಾಗಿ ನಾಲ್ಕರಿಂದ ಆರರ ನಡುವೆ ತೋರುತ್ತವೆ. ಬಟಾಣಿಯಂತೂ ಎಂಟರಿಂದ ಹನ್ನೆರಡರ ನಡುವೆ ಎಂದೋ ಬರುತ್ತದೆ. ವೈದ್ಯರು ಈ ಲೆಕ್ಕದಿಂದಲೇ ಮಕ್ಕಳ ಮೂಳೆಯ ವಯಸ್ಸನ್ನು ಅಂದಾಜು ಮಾಡುತ್ತಾರೆ. ಎಂದರೆ, ನಾವು ಪಾಟಿ ಅಳಿಸಿ ‘ಮತ್ತೆ ಬರೆ’ ಎಂದು ಗದರುವ ಆರು ವರ್ಷದ ಮಗುವಿನ ಕೈಯಲ್ಲಿ ಕೆಲವು ಮೂಳೆಗಳು ಇನ್ನೂ ಚುಕ್ಕೆಗಳಷ್ಟೇ, ಒಂದು ಇನ್ನೂ ಬಂದೇ ಇಲ್ಲ. ಹಾಗೆಂದು ಮಕ್ಕಳು ಬರೆಯಬಾರದೆಂದಲ್ಲ. ಮೆತ್ತನೆಯ ಕೀಲೂ ಬಾಗುತ್ತದೆ, ಆಡಿದಂತೆಲ್ಲ ಕೈ ಪಳಗುತ್ತದೆ. ಆದರೆ ಕಟ್ಟಡ ಮುಗಿಯದ ಮನೆಯಲ್ಲಿ ರಂಗೋಲಿ ಸರಿಯಿಲ್ಲವೆಂದು ಜಗಳವಾಡಿದವರು ನಾವು ಎಂಬುದು ಸ್ಪಷ್ಟವಾಯಿತು.

ಅಕ್ಟೋಬರಿನ ನಡುವಿನಲ್ಲಿ ಪ್ಲ್ಯಾಸ್ಟರು ಬಿಚ್ಚಿದರು. ಮುರಿತ ಕೂಡಿತ್ತು. ನಿಟ್ಟುಸಿರು ಬಿಟ್ಟು ಕೈಯನ್ನು ಬಾಗಿಸಹೋದರೆ ಅದು ಬಾಗದು! ತೆಳ್ಳಗಾಗಿ, ಬಿಳಿಚಿ, ಬೇರೆಯವರ ಕೈಯಂತೆ ಮೇಜಿನ ಮೇಲೆ ಬಿದ್ದಿತ್ತು. ವ್ಯಾಯಾಮ ಚಿಕಿತ್ಸೆಯ ವಿಭಾಗಕ್ಕೆ ಹೋದಾಗ ಅಲ್ಲಿ, “ಸರ್, ನನ್ನ ಗುರುತು ಸಿಕ್ಕಿತೇ?” ಎಂದು ಎದ್ದು ನಿಂತವಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಅಂದಿನಿಂದ ಮೂರು ತಿಂಗಳು ಅವಳು ಮಾಸ್ತರಳು, ನಾವು ವಿದ್ಯಾರ್ಥಿ. ಮನೆಗೆಲಸ ಮಾಡದೆ ಹೋದ ದಿನ ಬೈಸಿಕೊಂಡೂ ಇದ್ದೇವೆ.

ಮೊದಲು ಅವಳು ಕಲಿಸಿದುದು ಒಂದು ಸರಳ ಪರೀಕ್ಷೆ. ಮಕ್ಕಳೂ ಮಾಡಿ ನೋಡಬಹುದು. ಮಣಿಕಟ್ಟನ್ನು ಪೂರ್ತಿ ಮುಂದಕ್ಕೆ ಬಾಗಿಸಿ ಪೆನ್ಸಿಲನ್ನು ಬಿಗಿಯಾಗಿ ಹಿಡಿಯಿರಿ. ಗೆಳೆಯನು ಅದನ್ನು ಸುಲಭವಾಗಿ ಕಸಿದುಕೊಳ್ಳುವನು. ಮಣಿಕಟ್ಟನ್ನು ತುಸು ಹಿಂದಕ್ಕೆ ಬಾಗಿಸಿ ಹಿಡಿಯಿರಿ, ಕಸಿಯುವುದು ಕಷ್ಟ. ಬೆರಳಿನ ಬಲವು ಮಣಿಕಟ್ಟಿನ ನಿಲುವನ್ನು ಅವಲಂಬಿಸಿದೆ. ನಮ್ಮ ಸೀಮೆಸುಣ್ಣ ಬಿದ್ದುದರಲ್ಲಿ ಬೆರಳಿನ ತಪ್ಪಿರಲಿಲ್ಲ.

ಬಳಿಕ ಒಂದು ದಿನ, “ಸರ್, ಊರಿನಲ್ಲಿ ಬುಗುರಿ ಆಡಿದ್ದೀರಾ?” ಎಂದಳು. ಆಡದೆ ಏನು! “ಹಾಗಾದರೆ ಬುಗುರಿ ಬಿಡುವಂತೆ ಕೈಯಾಡಿಸಿ.” ಕೈಯನ್ನು ಹೆಬ್ಬೆರಳ ಬದಿಗೆ ಹಿಂದಕ್ಕೆ ಎತ್ತಿ, ಅಲ್ಲಿಂದ ಓರೆಯಾಗಿ ಕಿರುಬೆರಳ ಬದಿಗೆ ಮುಂದಕ್ಕೆ ಇಳಿಸುವ ಚಲನೆ ಅದು. ಸುತ್ತಿಗೆ ಹೊಡೆಯುವುದು, ಕಲ್ಲೆಸೆಯುವುದು, ತಂಬಿಗೆಯಿಂದ ನೀರು ಬಗ್ಗಿಸುವುದು ಎಲ್ಲವೂ ಹೆಚ್ಚು ಕಡಿಮೆ ಈ ಓರೆಯ ದಾರಿಯಲ್ಲಿಯೇ. ಈ ದಾರಿಯಲ್ಲಿ ಮೊದಲ ಸಾಲು ಬಹುಮಟ್ಟಿಗೆ ಅಲುಗದೆ ನಿಲ್ಲುತ್ತದೆ. ಕೆಲಸದ ಬಹುಭಾಗವನ್ನು ನಡುಕೀಲೇ ಮಾಡುತ್ತದೆ. ಹೆಸರಿಲ್ಲದ ಆ ಕೀಲಿನಿಂದಲೇ ಬಡಗಿಯ, ಕಮ್ಮಾರನ, ಕಲ್ಲುಕುಟಿಗನ ಕಸುಬು ನಡೆದುಬಂದಿದೆ.

ಮನೆಯಲ್ಲಿ ಬರಿಗಾಳಿಗೆ ಕೈಬೀಸಲು ಬೇಸರವಾಯಿತು. ನಮ್ಮ ಶಾಲೆಯ ಸಿಪಾಯಿಯನ್ನು, ಮಕ್ಕಳೆಲ್ಲ ‘ಮಾಮಾ’ ಎಂದು ಕರೆಯುವ ಹಿರಿಯರನ್ನು, ಕೇಳಿಕೊಂಡೆವು: “ಮಾಮಾ, ದಿನವೂ ಕೊನೆಯ ಗಂಟೆಯನ್ನು ನಾವು ಬಾರಿಸಬಹುದೇ?” ಅವರು ಕಂಚಿನ ತಟ್ಟೆಯನ್ನೂ ನಮ್ಮ ಕೈಯನ್ನೂ ಸಂಶಯದಿಂದ ನೋಡಿ ಕೊಡತಿಯನ್ನು ಕೊಟ್ಟರು. ಮೊದಲ ದಿನದ ಸದ್ದು ಅಂಗಳವನ್ನೂ ದಾಟಲಿಲ್ಲ. ಮಾಮಾ ಮತ್ತೊಮ್ಮೆ ಬಾರಿಸಬೇಕಾಯಿತು. ಡಿಸೆಂಬರಿನಲ್ಲಿ ಎರಡನೆಯ ಮಾಳಿಗೆಯವರೆಗೆ ಕೇಳಿಸಿತು. ಜನವರಿಯ ಒಂದು ಸಂಜೆ ಗಂಟೆ ಮೊಳಗಿದೊಡನೆ ಮಕ್ಕಳು ಎಂದಿನಂತೆ ಹೋ ಎಂದು ಹೊರಬಿದ್ದರು. ಬಾರಿಸಿದವರು ಯಾರೆಂದು ಒಬ್ಬರೂ ತಿರುಗಿ ನೋಡಲಿಲ್ಲ. ನಮಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಾಗಿರಲಿಲ್ಲ.

ಈಗ ಮತ್ತೆ ಹಲಗೆಯ ಮೇಲೆ ಬರೆಯುತ್ತಿದ್ದೇವೆ. ಕೈ ಮೊದಲಿನಷ್ಟು ಹಿಂದಕ್ಕೆ ಬಾಗುವುದಿಲ್ಲ. ಮಳೆಗಾಲದಲ್ಲಿ ಏನೆನ್ನುವುದೋ ನೋಡಬೇಕು. ನಮ್ಮ ಮಕ್ಕಳಿಗೆ ಎರಡು ಮಾತು. ಅಂಗೈಯೂರಿ ಬಿದ್ದ ಮೇಲೆ ಹೆಬ್ಬೆರಳ ಬುಡದ ಗುಳಿಯಲ್ಲಿ ನೋವು ಉಳಿದರೆ, ಬಾವು ಇಳಿದರೂ, ಹಿರಿಯರಿಗೆ ಹೇಳಿರಿ. ಹಿರಿಯರು ‘ಬರಿಯ ಉಳುಕು’ ಎಂದರೆ ಈ ಸಂಚಿಕೆಯ ಈ ಪುಟವನ್ನು ತೋರಿಸಿರಿ. ಎರಡನೆಯದು, ಕಾಪಿ ಬರೆಯುವಾಗ ಕೈ ಸೋತರೆ ಹೇಳಿರಿ. ನಾವು ಗದರುವುದಿಲ್ಲ. ಒಂದನೆಯ ಇಯತ್ತೆಯಲ್ಲಿ ಪಾಟಿ ಅಳಿಸುವುದನ್ನು ನಿಲ್ಲಿಸಿದ್ದೇವೆ. ಗೆರೆಯ ಹೊರಗೆ ಹೋದ ‘ಅ’ದ ಪಕ್ಕದಲ್ಲಿ ಇನ್ನೊಂದು ‘ಅ’ ಬರೆಸುತ್ತೇವೆ. ನಮ್ಮ ಎಡಗೈಯ ಕಾಪಿ ಪುಸ್ತಕವನ್ನು ಆ ತರಗತಿಯ ಕಪಾಟಿನಲ್ಲಿಯೇ ಇಟ್ಟಿದ್ದೇವೆ. ಬೇಕಾದವರು ತೆಗೆದು ನೋಡಿ ನಗಬಹುದು.